ಸ್ಪಷ್ಟನೆ: ಸಿಂಗಾಪುರ ಕಲೆ, ಬಹುಸಂಸ್ಕೃತಿ ಬಿಟ್ಟು ಮುಂದೆ ಬಂದಿದ್ದಲ್ಲ

‘ಶಾಲೆಯಲ್ಲಿ ಬೇರೆ ಸಂಸ್ಕೃತಿಗಳ ಪಾಠ, ಕಥೆ ಕಟ್ಟುವುದು ಅಂತ ಹೊರಟರೆ ಮಕ್ಕಳು ಗಣಿತದಲ್ಲಿ ಹಿಂದೆ ಬೀಳುತ್ತಾರೆ. ಸಿಂಗಾಪುರ ಇದನ್ನೆಲ್ಲ ಬಿಟ್ಟಿದ್ದಕ್ಕೇ ಮೊದಲ ಸ್ಥಾನ’ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಒಇಸಿಡಿ ಎಂಬ ದೇಶಗಳ ಒಕ್ಕೂಟ ಹಲವು ದೇಶಗಳಲ್ಲಿ ನಡೆಸುವ ಪೀಸಾ ಎಂಬ ಪರೀಕ್ಷೆಯಲ್ಲಿ, 2022ರಲ್ಲಿ 15 ವರ್ಷದ ಮಕ್ಕಳ ಸೃಜನಶೀಲ ಯೋಚನೆಯನ್ನೂ ಮೊದಲ ಸಲ ಅಳೆದರು. ಕಾಮಿಕ್ ಚಿತ್ರಗಳಿಗೆ ಮಾತು ಬರೆಯಿರಿ, ಒಂದೇ ಚಿತ್ರಕ್ಕೆ ಬೇರೆ ಬೇರೆ ಕಥೆ ಯೋಚಿಸಿ ಎಂಬಂಥ ಪ್ರಶ್ನೆಗಳು. ಕೇಳೋಕೆ ಸುಲಭ, ಬರೆಯೋಕೆ ಕೂತರೆ ಗೊತ್ತಾಗುತ್ತದೆ! ಗಣಿತ, ವಿಜ್ಞಾನ, ಓದು ಮೂರರಲ್ಲೂ ಮೊದಲಿದ್ದ ಸಿಂಗಾಪುರ ಇಲ್ಲೂ 60ಕ್ಕೆ 41 ಅಂಕದೊಂದಿಗೆ ಮೊದಲು ಬಂತು. ಅಲ್ಲಿನ ಮಕ್ಕಳು ಸಾಮಾನ್ಯವಾಗಿ ಇಂಗ್ಲಿಷ್ ಜೊತೆ ಚೀನಿ, ಮಲಯ್ ಅಥವಾ ತಮಿಳು ಕಲಿಯುತ್ತಾರೆ. ಜುಲೈ 21ರ ಜನಾಂಗ ಸಾಮರಸ್ಯ ದಿನವನ್ನು ಶಾಲೆಗಳು ಆಚರಿಸುತ್ತವೆ. ಬಿಟ್ಟಿದ್ದು ಎಲ್ಲಿ?

ಹಾಗಂತ ಬಹುಸಂಸ್ಕೃತಿಯ ಪಾಠದಿಂದಲೇ ಅಂಕ ಬಂತು ಅನ್ನುವುದೂ ಸ್ವಲ್ಪ ಜಾಸ್ತಿಯಾಯಿತು. ಪರೀಕ್ಷೆ ಅದನ್ನು ಸಾಬೀತು ಮಾಡಿಲ್ಲ. ಆದರೆ ಗಣಿತ ಬಂದರೆ ಕಲ್ಪನೆ ತಾನಾಗಿ ಬರುತ್ತದೆ ಎಂದೂ ಇಲ್ಲ. ಹಾಂಗ್‌ಕಾಂಗ್, ಮಕಾವ್, ತೈವಾನ್ ಗಣಿತದಲ್ಲಿ ತುಂಬಾ ಮುಂದಿವೆ, ಆದರೆ ಸೃಜನಶೀಲ ಯೋಚನೆಯಲ್ಲಿ ಒಇಸಿಡಿ ದೇಶಗಳ ಸರಾಸರಿ ದಾಟಲಿಲ್ಲ.