ಬೂದಿ ಬಿದ್ದರೆ ಯಾರಿಗೆ ಹೇಳೋದು?

ಸುಣ್ಣಕಲ್ಲು ಸುಟ್ಟು ಸಿಮೆಂಟ್ ಮಾಡುವ ದೊಡ್ಡ ಗೂಡು ನಮ್ಮ ಮಂಡ್ಯ ಜಿಲ್ಲೆಯಲ್ಲಿಲ್ಲ. ವಾಡಿ, ಸೇಡಂ, ಮಳಖೇಡದ ಕಡೆ ಹೋದರೆ ಅಂಥವು ಸಾಲುಸಾಲಾಗಿ ಸಿಗುತ್ತವೆ. 1911ರಲ್ಲಿ ಶುರುವಾದ ನಮ್ಮ ಕನ್ನಂಬಾಡಿ ಕಟ್ಟೆಯನ್ನಂತೂ ಸಿಮೆಂಟಿನ ಹಂಗಿಲ್ಲದೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಎಬ್ಬಿಸಿದರು. ನಾನೀಗ ಇರುವ ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೊ ಊರಿನದು ಇದಕ್ಕೆ ಉಲ್ಟಾ. ಇಲ್ಲಿನ ಬೆಟ್ಟದ ಬುಡದಲ್ಲಿ ಪರ್ಮನೆಂಟೆ ಸಿಮೆಂಟ್ ಕಾರ್ಖಾನೆ 1939ರಲ್ಲಿ ಎದ್ದದ್ದೇ ಶಾಸ್ತಾ ಅಣೆಕಟ್ಟೆಗೆ ಸಿಮೆಂಟ್ ಒದಗಿಸಲು. ಊರು ನಗರಸಭೆಯಾದದ್ದು 1955ರಲ್ಲಿ. ಅಂದರೆ ಚಿಮಣಿ ಮೊದಲು, ಊರು ಆಮೇಲೆ. ಕೊನೆಕೊನೆಗೆ ಈ ಕಾರ್ಖಾನೆ ಜರ್ಮನಿಯ ಹೈಡೆಲ್‌ಬರ್ಗ್ ಗುಂಪಿನ ಕೈಲಿತ್ತು. ತುಮಕೂರು ಜಿಲ್ಲೆ ಅಮ್ಮಸಂದ್ರದ ಮೈಸೂರು ಸಿಮೆಂಟ್ಸನ್ನು 2006ರಲ್ಲಿ ಕೊಂಡವರೂ ಅವರೇ. ಯಜಮಾನ ಒಬ್ಬನೇ ಆದರೂ ಚಿಮಣಿಗೆ ಹಾಕುವ ಲಗಾಮು ದೇಶಕ್ಕೊಂದು ಥರ.

ನಮ್ಮ ಕಡೆ ಚಿಮಣಿ ಅಂದರೆ ಸಕ್ಕರೆ ಕಾರ್ಖಾನೆಯದು. ನಮ್ಮೂರಿಗೆ ಹತ್ತಿರದಲ್ಲೂ ಒಂದಿದೆ, ಹೆಸರು ಬೇಡ. ಸಂಕ್ರಾಂತಿ ಹೊತ್ತಿಗೆ ಊರಿಗೆ ಹೋದರೆ ಅತ್ತಿಗೆ ಮೊದಲು ಹೇಳುವ ಮಾತು, "ಬಿಳೀ ಬಟ್ಟೆ ಮಹಡಿ ಮ್ಯಾಲೆ ಒಣಗಾಕ್ಬ್ಯಾಡ ಕಣಪ್ಪ, ಬೂದಿ ಬೀಳ್ತದೆ." ಆ ಬೂದಿಯನ್ನು ಹತ್ತಿರದಿಂದ ನೋಡಬೇಕು. ಅಕ್ಕಿಕಾಳಿನಷ್ಟು ಉದ್ದದ, ಹಗುರವಾದ ಕರೀ ಎಳೆ. ಬಾಯ್ಲರಿನಲ್ಲಿ ಅರೆಬರೆ ಬೆಂದ ಕಬ್ಬಿನ ಸಿಪ್ಪೆಯ ನಾರು ಅದು. ಒದ್ದೆ ಬಟ್ಟೆಯಲ್ಲಿ ಒರೆಸಿದಿರೋ, ಇದ್ದಿಲಿನಲ್ಲಿ ಗೀಟು ಎಳೆದಂತೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಊದಿಯೇ ಹಾರಿಸಬೇಕು. ಒಣಗಲು ಹರವಿದ ರಾಗಿಯಲ್ಲಿ ಬಿದ್ದರೆ ಮೊರದಲ್ಲಿ ಕೇರಿದರೆ ಹೋಗುತ್ತದೆ, ನೀರಿನ ತೊಟ್ಟಿಯಲ್ಲಿ ಬಿದ್ದರೆ ಸೋಸಬೇಕು. ಊರಿನ ಹೆಂಗಸರು ಇದನ್ನೆಲ್ಲ ಮಾತೇ ಆಡದೆ ಮಾಡಿಕೊಂಡು ಹೋಗುತ್ತಾರೆ. ಕಣ್ಣಿಗೆ ಕಾಣುವ ಈ ಬೂದಿ ಮೂಗು, ಗಂಟಲಿನಲ್ಲೇ ಹೆಚ್ಚುಕಮ್ಮಿ ನಿಂತುಬಿಡುತ್ತದೆ. ಶ್ವಾಸಕೋಶದ ತಳದವರೆಗೆ ಇಳಿಯುವುದು ಅದರ ಜೊತೆಗೇ ಬರುವ, ಕಣ್ಣಿಗೆ ಕಾಣದ ಸಣ್ಣ ಕಣ. ಅದು ಪಂಚೆಯ ಮೇಲೆ ಕಲೆ ಮಾಡುವುದಿಲ್ಲವಾದ್ದರಿಂದ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಬೂದಿ ಬಿದ್ದರೆ ಯಾರಿಗೆ ಹೇಳುತ್ತೀರಿ ಅಂತ ದೊಡ್ಡಪ್ಪನ ಮಗನನ್ನು ಕೇಳಿದೆ. ಕಬ್ಬು ಬೆಳೆಯುವವನು, ಊರಲ್ಲೇ ಇರುವವನು. "ಗೇಟಲ್ಲಿರೋ ಸೆಕ್ಯುರಿಟಿಗೆ ಏಳ್ತೀವಿ. ಸಾಯೇಬ್ರಿಗೆ ಏಳ್ತೀನಿ ಅಂತಾನೆ" ಅಂದ. ಒಂದು ಸಲ ಊರಿನವರೆಲ್ಲ ಸಹಿ ಹಾಕಿ ಮೇಲಕ್ಕೂ ಅರ್ಜಿ ಕಳಿಸಿದ್ದರಂತೆ. ಯಾರೋ ಬಂದು ನೋಡಿಕೊಂಡು ಹೋದರಂತೆ. ಬಂದವರು ಏನು ನೋಡಿದರು, ಏನು ಬರೆದುಕೊಂಡರು ಅನ್ನುವುದು ಊರಿಗೆ ಇವತ್ತಿಗೂ ಗೊತ್ತಿಲ್ಲ.

ಕ್ಯಾಲಿಫೋರ್ನಿಯಾದ ಪದ್ಧತಿಗೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ನನ್ನ ಲೆಕ್ಕದಲ್ಲಿ ಇಷ್ಟೇ: ಇಲ್ಲಿ ದೂರಿಗೆ ಉತ್ತರ ಬರುತ್ತದೆ, ಅಲ್ಲಿ ಬರುವುದಿಲ್ಲ. ಮಿಕ್ಕಿದ್ದೆಲ್ಲ, ಯಂತ್ರ, ಕಾಯ್ದೆ, ಮಿತಿ, ನಮ್ಮಲ್ಲೂ ಇದೆ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಒಂಬತ್ತು ಕೌಂಟಿಗಳ (ನಮ್ಮ ಜಿಲ್ಲೆಗಳ ಥರದವು) ಗಾಳಿ ನೋಡಿಕೊಳ್ಳಲು 1955ರಿಂದ ಒಂದು ಪ್ರತ್ಯೇಕ ಸಂಸ್ಥೆ ಇದೆ. ಅದರ ಆಡಳಿತ ಮಂಡಳಿಯಲ್ಲಿ ಕೂರುವವರು ಈ ಊರುಗಳ ಮೇಯರ್‌ಗಳು, ನಗರಸಭೆಯ ಸದಸ್ಯರು, ಕೌಂಟಿಯ ಚುನಾಯಿತರು. ಧೂಳೋ ವಾಸನೆಯೋ ಬಂದರೆ ಹಗಲುರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದೂರಿಗೊಂದು ನಂಬರ್ ಬೀಳುತ್ತದೆ. ಇನ್ಸ್‌ಪೆಕ್ಟರ್ ಬಂದು ನೋಡಿ, ಮೂಲ ಯಾವುದು ಅಂತ ಹುಡುಕಿ, ಕಂಡದ್ದನ್ನು ದೂರು ಕೊಟ್ಟವರಿಗೆ ತಿಳಿಸಬೇಕು. ನಮ್ಮ ಪಕ್ಕದ ಬೀದಿಯ ದಾವಣಗೆರೆಯವರು ಒಮ್ಮೆ ಕಾರಿನ ಮೇಲೆ ಬೂದುಬಣ್ಣದ ಧೂಳು ಕಂಡು, ಇದು ಸಿಮೆಂಟ್ ಕಾರ್ಖಾನೆಯದೇ ಸೈ ಅಂತ ತೀರ್ಮಾನಿಸಿ ಫೋನ್ ಮಾಡಿದರು. ಬಂದಾಕೆ ಗಾಳಿಯ ದಿಕ್ಕು ಕೇಳಿದಳು, ಧೂಳಿನ ಮಾದರಿ ತೆಗೆದುಕೊಂಡಳು, ಸುತ್ತಮುತ್ತ ಒಂದು ಸುತ್ತು ಹೊಡೆದಳು. ಕೊನೆಗೆ ಬಂದ ಉತ್ತರದಲ್ಲಿ ಅದು ಕಾರ್ಖಾನೆಯ ಧೂಳಲ್ಲ, ಆಚೆ ರಸ್ತೆಯಲ್ಲಿ ಕಾಂಕ್ರೀಟ್ ಕೊಯ್ಯುತ್ತಿದ್ದ ಕೆಲಸದ್ದು ಅಂತಿತ್ತು. ನಮ್ಮ ದಾವಣಗೆರೆಯವರಿಗೆ ಸ್ವಲ್ಪ ನಿರಾಸೆಯೇ ಆಯಿತು ಅನ್ನಿ, ಆದರೆ ಮಾತಿಗೆ ಎದುರಾಡಲಿಲ್ಲ. ಮಾರನೇ ದಿನದಿಂದ ಆ ರಸ್ತೆಯಲ್ಲಿ ನೀರು ಹೊಡೆದು ಕೊಯ್ಯತೊಡಗಿದರು.

ಹಾಗಂತ ಅಮೆರಿಕವನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ಪರ್ಮನೆಂಟೆಯ ಪಾದರಸದ ಕಥೆಯನ್ನೇ ನೋಡಿ. ಪಾದರಸ ಬರುವುದು ಹೆಚ್ಚಾಗಿ ಸುಣ್ಣಕಲ್ಲಿನಿಂದಲೇ. ಗೂಡಿನಲ್ಲಿ ಕಲ್ಲು 1450 ಡಿಗ್ರಿಯವರೆಗೆ ಕಾಯುವಾಗ ಅದು ಆವಿಯಾಗಿ ಮೇಲೇಳುತ್ತದೆ. ಧೂಳನ್ನು ಹಿಡಿಯುವ ಬಟ್ಟೆಯ ಚೀಲಗಳು ಆವಿಯನ್ನು ಹಿಡಿಯಲಾರವು, ಅದಕ್ಕೆ ಬೇರೆಯಾಗಿ ಇದ್ದಿಲಿನ ಪುಡಿ ಊದಬೇಕು. ಇದೆಲ್ಲ ಗೊತ್ತಿದ್ದೂ ಹಳೆಯ ಸಿಮೆಂಟ್ ಗೂಡುಗಳ ಪಾದರಸಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ಮಿತಿ ಬಂದದ್ದು 2010ರಲ್ಲಿ, ಹತ್ತು ಲಕ್ಷ ಟನ್ ಕ್ಲಿಂಕರಿಗೆ (ಗೂಡಿನಿಂದ ಬರುವ, ಅರೆದರೆ ಸಿಮೆಂಟಾಗುವ ಗಟ್ಟಿ) 55 ಪೌಂಡ್, ಅಂದರೆ ಸುಮಾರು 25 ಕಿಲೋ. ಜಾರಿಗೆ ಬರುವ ಹೊತ್ತಿಗೆ 2015. ಕಾರ್ಖಾನೆ ಶುರುವಾಗಿ ಎಪ್ಪತ್ತಾರು ವರ್ಷ! ಈ ನಡುವೆ ಇಲ್ಲಿನ ಗಾಳಿಯ ಸಂಸ್ಥೆ 2012ರಲ್ಲಿ ಸಿಮೆಂಟಿಗೆಂದೇ ತನ್ನದೊಂದು ನಿಯಮ ತಂದಿತು. ಅದಕ್ಕೆ ಒತ್ತಾಯ ಹಾಕಿದವರು ಯಾರು? ಸಂಜೆ ಬಿಡುವಾದಾಗ ಚಿಮಣಿಯ ಅಂಕಿಅಂಶವನ್ನು ಎಕ್ಸೆಲ್ಲಿಗೆ ಹಾಕಿ ಗ್ರಾಫ್ ಎಳೆಯಬಲ್ಲ ಇಂಜಿನಿಯರುಗಳು, ಕೋಟಿಗಟ್ಟಲೆ ಬೆಲೆಯ ಮನೆಗಳವರು. ಇದೇ ರಾಜ್ಯದ ಮೊಹಾವಿ, ತೆಹಾಚಪಿಯ ಕಡೆಯ ಸಿಮೆಂಟ್ ಕಾರ್ಖಾನೆಗಳ ಸುದ್ದಿ ನಮ್ಮ ಕಿವಿಗೆ ಅಷ್ಟಾಗಿ ಬೀಳುವುದೇ ಇಲ್ಲ. ಪರ್ಮನೆಂಟೆಯ ಗೂಡು 2020ರಲ್ಲಿ ಆರಿತು, ಮತ್ತೆ ಹಚ್ಚುವುದಿಲ್ಲ ಅಂತ ಕಂಪನಿ 2022ರಲ್ಲಿ ಹೇಳಿತು. ಊರವರು ಖುಷಿಪಟ್ಟರು. ಸಿಮೆಂಟ್ ಬಳಸುವುದನ್ನು ಮಾತ್ರ ಯಾರೂ ಬಿಡಲಿಲ್ಲ, ಅದು ಬೇರೆ ಯಾರದೋ ಊರಿನ ಚಿಮಣಿ ದಾಟಿ ಬರುತ್ತಿದೆ.

ಆದ್ದರಿಂದ ಮುಚ್ಚಿಸುವ ಮಾತು ಮಂಡ್ಯಕ್ಕೆ ಹೊಂದುವುದಿಲ್ಲ. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ನಿಂತುಹೋದ ವರ್ಷಗಳಲ್ಲಿ ಕಬ್ಬು ಹೊತ್ತ ರೈತರು ಎಲ್ಲೆಲ್ಲಿಗೆ ಅಲೆದರು ಅನ್ನುವುದು ಜಿಲ್ಲೆಗೇ ಗೊತ್ತು. ಗಾಣ ತಿರುಗಬೇಕು, ಅದರ ಹೊಗೆಯ ಲೆಕ್ಕ ಊರಿಗೆ ಸಿಗಬೇಕು.

ಮಿತಿಗಳ ವಿಚಾರಕ್ಕೆ ಬಂದರೆ ನಮ್ಮವೇನೂ ಕಾಗದದ ಮೇಲೆ ಕಡಿಮೆಯಿಲ್ಲ. ಸಿಮೆಂಟಿನ ಹೊಸ ಗೂಡುಗಳಿಗೆ ಘನಮೀಟರ್ ಹೊಗೆಯಲ್ಲಿ ಧೂಳು 30 ಮಿಲಿಗ್ರಾಂ ದಾಟಬಾರದು ಅಂತಿದೆ. ಸಕ್ಕರೆ ಕಾರ್ಖಾನೆಯ ಚಿಮಣಿಗೆ 2016ರ ಅಧಿಸೂಚನೆ ಕೊಟ್ಟದ್ದು 150. ಐದು ಪಟ್ಟು ಸಡಿಲ ಯಾಕೆ ಅಂದರೆ, ನನಗೆ ತೋಚುವ ಒಂದು ಕಾರಣ ಇದು: ಸಿಮೆಂಟಿನವನು ಹಿಡಿದ ಧೂಳು ಅವನ ಮಾಲೇ, ವಾಪಸ್ ಗೂಡಿಗೆ ಸುರಿದರೆ ದುಡ್ಡು. ಸಿಪ್ಪೆಯ ಬೂದಿಗೆ ಬೆಲೆಯಿಲ್ಲ. ಹಿಡಿದರೂ ಎಲ್ಲಿ ಸುರಿಯೋದು ಅನ್ನುವ ತಲೆನೋವು. ಹಾಗಾಗಿ ಬೂದಿ ಹಿಡಿಯುವ ಯಂತ್ರ ಕೆಟ್ಟರೆ ಸಿಮೆಂಟಿನವನಿಗೆ ಆಗುವಷ್ಟು ಗಾಬರಿ ಸಕ್ಕರೆಯವನಿಗೆ ಆಗುವುದಿಲ್ಲ. ಇಂಥ ಕಡೆಯೇ ನಿಗಾ ಹೆಚ್ಚು ಬೇಕಾದದ್ದು.

ನಿಗಾ ಇಲ್ಲವೇ? ಇದೆ. ಸಿಮೆಂಟ್, ಸಕ್ಕರೆ, ಡಿಸ್ಟಿಲರಿ ಎಲ್ಲ ಸೇರಿ ಹದಿನೇಳು ಬಗೆಯ ಕಾರ್ಖಾನೆಗಳು ತಾವು ಬಿಡುವ ಹೊಗೆಯನ್ನೋ ಕೊಳೆನೀರನ್ನೋ ಇಪ್ಪತ್ತನಾಲ್ಕು ಗಂಟೆಯೂ ಅಳೆದು ಆನ್‌ಲೈನಿನಲ್ಲಿ ಮಂಡಳಿಗೆ ಕಳಿಸಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ನಾನು ಹೇಳಿದ ಕಾರ್ಖಾನೆಯ ಗೇಟಿನಲ್ಲೂ ಕೆಂಪಕ್ಷರದ ಎಲ್‌ಇಡಿ ಬೋರ್ಡಿದೆ. ಇಂಗ್ಲಿಷಿನಲ್ಲಿ ಪಿಎಂ, ಅಂದರೆ ಹೊಗೆಯಲ್ಲಿನ ಧೂಳಿನ ಕಣ, ಅಂತ ಬರೆದು ಪಕ್ಕದಲ್ಲಿ ಅಂಕಿ. ಮಿತಿ ಎಷ್ಟು ಅನ್ನುವುದು ಬೋರ್ಡಿನಲ್ಲಿಲ್ಲ. ಎತ್ತಿನಗಾಡಿ, ಟ್ರ್ಯಾಕ್ಟರಿನಲ್ಲಿ ಕಬ್ಬು ತಂದು ಸಾಲಿನಲ್ಲಿ ರಾತ್ರಿಯಿಡೀ ಕಾಯುವವರಿಗೆ ಓದಲು ಬೇಕಾದಷ್ಟು ಹೊತ್ತಿದೆ, ಅರ್ಥವಾಗುವಂತೆ ಒಂದಕ್ಷರವಿಲ್ಲ. ಕಬ್ಬು ಅರೆಯುವುದು ಮುಗಿದು ಚಿಮಣಿಯಲ್ಲಿ ಎಳೆ ಹೊಗೆಯೂ ಇಲ್ಲದ ಮೇ ತಿಂಗಳಲ್ಲಿ ಹೋದಾಗಲೂ ಬೋರ್ಡಿನಲ್ಲಿ ಅಂಕಿ ಉರಿಯುತ್ತಿತ್ತು. ಯಾವತ್ತಿನದೋ ಶಿವನೇ ಬಲ್ಲ.

ಇಷ್ಟೂ ಹೇಳಿ ಆಲೆಮನೆಯನ್ನು ಬಿಟ್ಟರೆ ಮಂಡ್ಯದವನು ಅನ್ನಿಸಿಕೊಳ್ಳಲು ನನಗೆ ಹಕ್ಕಿಲ್ಲ. ನಮ್ಮ ಚಿಕ್ಕಂದಿನಲ್ಲಿ ಕೊಪ್ಪರಿಗೆಯ ಒಲೆಗೆ ಅದೇ ಗಾಣದ ಸಿಪ್ಪೆ ಒಣಗಿಸಿ ಹಾಕುತ್ತಿದ್ದರು. ಸಿಪ್ಪೆ ಒಣಗಲು ಬಿಸಿಲು ಬೇಕು, ಹರವಿ ಬಾಚಲು ಆಳು ಬೇಕು. ಮಳೆಗಾಲದಲ್ಲಿ ಎರಡೂ ಇಲ್ಲ. ಹಾಗಾಗಿ ಎಷ್ಟೋ ಕಡೆ ಹಳೇ ಟೈರಿನ ತುಂಡು, ಪ್ಲಾಸ್ಟಿಕ್ ಕಸ ಲಾರಿಯಲ್ಲಿ ಬಂದು ಇಳಿಯುತ್ತದೆ. ಸಂಜೆ ಹೊತ್ತು ಗದ್ದೆ ಬಯಲಿನ ಮೇಲೆ ಬೆಲ್ಲದ ಘಮದ ಜೊತೆಗೆ ರಬ್ಬರ್ ಸುಟ್ಟ ನಾತ. ಒಲೆಯ ಬಾಯಲ್ಲಿ ಕೂತು ಉರಿ ಹಾಕುವವನು ಮೂಗಿಗೆ ಟವೆಲ್ ಸುತ್ತಿಕೊಂಡಿರುತ್ತಾನೆ, ಅಷ್ಟೇ ಅವನ ರಕ್ಷಣೆ. ಅಧಿಕಾರಿಗಳು ಆಗಾಗ ದಾಳಿ ಮಾಡುತ್ತಾರೆ, ಫೋಟೊ ಬರುತ್ತದೆ, ಮತ್ತೆ ಶುರು.

ಅದೇ ಟೈರನ್ನು ಸಿಮೆಂಟ್ ಗೂಡಿನಲ್ಲಿ ಕಾನೂನುಬದ್ಧವಾಗಿಯೇ ಸುಡುತ್ತಾರೆ, ಅಮೆರಿಕದಲ್ಲೂ ನಮ್ಮಲ್ಲೂ. ಆ ಗೂಡಿನ ಕಾವಿನಲ್ಲಿ ಟೈರ್ ಪೂರ್ತಿ ಉರಿದುಹೋಗುತ್ತದೆ, ಗಂಧಕ ಸುಣ್ಣದಲ್ಲಿ ಕಟ್ಟಿಕೊಳ್ಳುತ್ತದೆ, ಒಳಗಿನ ಕಬ್ಬಿಣದ ತಂತಿಯೂ ಕ್ಲಿಂಕರಿಗೆ ಸೇರುತ್ತದೆ. ಆಮೇಲೆ ಧೂಳು ಹಿಡಿಯುವ ಚೀಲ, ಅಳೆಯುವ ಯಂತ್ರ. ಕೊಪ್ಪರಿಗೆಯ ಒಲೆಗೆ ಅಷ್ಟು ಕಾವೂ ಇಲ್ಲ, ಚೀಲವೂ ಇಲ್ಲ. ಬೆಂಗಳೂರಿನ ಒಣ ಪ್ಲಾಸ್ಟಿಕ್ ಕಸ ಸಿಮೆಂಟ್ ಕಾರ್ಖಾನೆಗಳಿಗೆ ಲೋಡಾಗಿ ಹೋಗುವ ಕಾಲದಲ್ಲಿ, ಆಲೆಮನೆಗೆ ಬರುವ ಲಾರಿಯನ್ನು ಎಲ್ಲಿ ತುಂಬಿದರು ಅಂತ ಹುಡುಕುವುದು ಬಿಟ್ಟು ಬೆಲ್ಲ ಬೇಯಿಸುವವನ ಮೇಲೆ ಮಾತ್ರ ಕೇಸು ಹಾಕಿದರೆ ಏನು ಬಂತು? ಒಣ ಸಿಪ್ಪೆ ಶೇಖರಿಸಲು ಅವನಿಗೊಂದು ಶೆಡ್ ಕಟ್ಟಿಕೊಡುವುದು ಹತ್ತು ದಾಳಿಗಿಂತ ಮೇಲು ಅನ್ನುವವನು ನಾನು.

ಇನ್ನು ನಮ್ಮ ಜಿಲ್ಲೆಯದೇ ಆದ ಬೇಬಿ ಬೆಟ್ಟದ ಕಲ್ಲು ಗಣಿ ಸುದ್ದಿಯಾದದ್ದು ಕನ್ನಂಬಾಡಿ ಕಟ್ಟೆಗೆ ಅಪಾಯ ಅಂತ. ಕ್ರಷರಿನ ಧೂಳು ಕುಡಿದ ಅಕ್ಕಪಕ್ಕದ ಊರಿನವರು ಆ ಸುದ್ದಿಯ ಬಾಲದಲ್ಲಿ ಎಲ್ಲೋ ಒಂದು ಸಾಲು.

ಕಾಯ್ದೆಗೆ ಮರಳುತ್ತೇನೆ. 1981ರ ವಾಯು ಕಾಯ್ದೆಯ 43ನೇ ಕಲಂ ಓದಿದವರು ನಮ್ಮಲ್ಲಿ ಕಡಿಮೆ. ಮಂಡಳಿಗೆ ಅರವತ್ತು ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಕೋರ್ಟಿಗೆ ದೂರು ಕೊಂಡೊಯ್ಯಬಹುದು. ಹಾಗೆ ದೂರು ಕೊಟ್ಟವರು ಕೇಳಿದರೆ ಮಂಡಳಿ ತನ್ನ ಹತ್ತಿರವಿರುವ ವರದಿಗಳನ್ನು ಕೊಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆ ಅನ್ನಿಸಿದರೆ ಮಾತ್ರ ಇಲ್ಲ ಅನ್ನಬಹುದು. ಒಳ್ಳೆಯ ಕಲಂ. ಆದರೆ ಅತ್ತಿಗೆ ಒಣಗಹಾಕುವ ಪಂಚೆಗೂ ಕೋರ್ಟಿಗೂ ನಡುವೆ ಒಂದು ಫೋನ್, ಒಂದು ನಂಬರ್, ಒಂದು ಉತ್ತರ ಇರಬೇಕಲ್ಲ, ಅದಿಲ್ಲ. 2024ರ ಏಪ್ರಿಲ್‌ನಿಂದ ಈ ಕಾಯ್ದೆಯ ಜೈಲು ಶಿಕ್ಷೆಗಳನ್ನು ಹೆಚ್ಚಾಗಿ ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗಿನ ದಂಡ ಇಟ್ಟಿದ್ದಾರೆ. ಅದರಿಂದ ನನಗೇನೂ ಬೇಸರವಿಲ್ಲ. ಯಾರೂ ಹೋಗದ ಜೈಲಿಗಿಂತ ಕಟ್ಟಿಸಿಕೊಳ್ಳುವ ದಂಡ ವಾಸಿ, ಕಟ್ಟಿಸಿಕೊಂಡರೆ. ರಾಜ್ಯ ಮಂಡಳಿಯಲ್ಲಿ ಸ್ಥಳೀಯ ಸಂಸ್ಥೆಗಳ ಸದಸ್ಯರಿಗೂ ಐದು ಜಾಗದವರೆಗೆ ಅವಕಾಶ ಉಂಟು. ನೇಮಿಸುವುದು ಮಾತ್ರ ರಾಜ್ಯ ಸರ್ಕಾರ. ಇಲ್ಲಿ ಮೇಯರ್‌ಗಳೇ ಗಾಳಿಗೆ ಹೊಣೆ, ಧೂಳು ಬಿದ್ದರೆ ಮುಂದಿನ ಚುನಾವಣೆಯಲ್ಲಿ ಅವರೇ ಮುಖ ತೋರಿಸಬೇಕು.

ಈ ಕಲಂ ತೋರಿಸಿ, ಒಂದು ಅರ್ಜಿ ಬರೆದುಕೊಡುತ್ತೇನೆ, ಸಹಿ ಹಾಕು ಅಂದೆ ದೊಡ್ಡಪ್ಪನ ಮಗನಿಗೆ.

"ಅಣ್ಣೋ, ನೀನು ಬರ್ದುಕೊಟ್ಟು ಫ್ಲೈಟ್ ಅತ್ತಿಯೆ. ಆಮೇಲೆ ನಂಗೆ ಕಟಾವು ಪರ್ಮಿಟ್ ಬರ್ಲಿಲ್ಲ ಅಂದ್ರೆ ನೀನು ಬಂದು ಕಬ್ಬು ಕಡೀತೀಯಾ?"

ಅವನು ಹೇಳಿದ್ದು ಸುಳ್ಳಲ್ಲ. ಕ್ಯೂಪರ್ಟಿನೊದ ಇಂಜಿನಿಯರಿಗೆ ಸಿಮೆಂಟ್ ಕಾರ್ಖಾನೆಯಿಂದ ಏನೂ ಆಗಬೇಕಿರಲಿಲ್ಲ, ಎದುರು ಹಾಕಿಕೊಳ್ಳಬಹುದಿತ್ತು. ನಮ್ಮವನು ಕೊಡಲು ಒಪ್ಪಿಕೊಂಡ ಕಬ್ಬು ಆ ಕಾರ್ಖಾನೆಗೇ ಹೋಗಬೇಕು, ಕಡಿಯಲು ಪರ್ಮಿಟ್ ಕೊಡುವವರೂ ಅವರೇ. ಪರ್ಮಿಟ್ ಒಂದು ತಿಂಗಳು ತಡವಾದರೆ ಕಬ್ಬು ಸೂಲಂಗಿ (ಹೂ) ಬಿಟ್ಟು ತೂಕ ಇಳಿಯುತ್ತದೆ. ಬೂದಿ ಕುಡಿಯುವವನೂ ಅವನೇ, ಬೂದಿ ಮಾಡುವವನಿಗೆ ಕಬ್ಬು ಹೊರುವವನೂ ಅವನೇ. ಇಲ್ಲಿನ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಹೋಗಿ ಅಲ್ಲಿಟ್ಟರೆ ಕೂರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಹೆಸರು ಹೇಳದೆ ದೂರು ಕೊಡಲು ಆಗಬೇಕು, ಇಲ್ಲವೇ ದೂರು ಒಬ್ಬನ ತಲೆಗೆ ಬರದ ಹಾಗೆ ಊರಿನ ಹೆಸರಲ್ಲಿ ಹೋಗಬೇಕು. ಗ್ರಾಮ ಪಂಚಾಯ್ತಿ ಠರಾವು ಮಾಡಿ, ಕಾರ್ಖಾನೆಯ ತಿಂಗಳ ಅಂಕಿಗಳನ್ನು ಮಿತಿಯ ಸಮೇತ ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಹಾಕಿ ಅಂತ ಮಂಡಳಿಯನ್ನು ಕೇಳಿದರೆ, ಯಾವ ಒಬ್ಬನ ಪರ್ಮಿಟ್ ತಡೆಯುತ್ತಾರೆ? ಇದಕ್ಕೆ ಅವನು ಒಪ್ಪಿದ್ದಾನೆ. ಪಂಚಾಯ್ತಿಯಲ್ಲಿ ಅರ್ಧ ಜನ ಕಬ್ಬಿನವರು, ಇಬ್ಬರದು ಆಲೆಮನೆ. ಬೂದಿಯ ಠರಾವಿನ ಹಿಂದೆಯೇ ಟೈರಿನ ಮಾತೂ ಏಳುತ್ತದೆ ಅಂತ ಅವರಿಬ್ಬರೂ ಈಗಲೇ ಗೊಣಗುತ್ತಿದ್ದಾರಂತೆ.