ಡಿಎಚ್‌ಸಿಪಿ ಬಗ್ಗೆನೂ ಬಿಡಿಸಿ ಹೇಳ್ರಿ

ನಿಮ್ಮ ನೆಟ್‌ವರ್ಕ್ ಲೇಖನದಾಗ ಐಪಿ (ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ), ಡಿಎನ್‌ಎಸ್ (ಸೈಟಿನ ಹೆಸರಿಂದ ಅದರ ವಿಳಾಸ ಹುಡುಕಿ ಕೊಡೋದು), ಟಿಸಿಪಿ (ಡೇಟಾ ಸರಿಯಾಗಿ ಮುಟ್ಟೋಹಂಗ ನೋಡ್ಕೊಳ್ಳೋದು) ಬಗ್ಗೆ ಚಲೋ ಬರದೀರಿ ಸರ್. ಆದ್ರ ನೆಟ್‌ವರ್ಕಿಗೆ ಸೇರಿದ ಕಂಪ್ಯೂಟರಿಗೆ ತಾನಾಗೇ ಐಪಿ ವಿಳಾಸ ಕೊಡೋ ಡಿಎಚ್‌ಸಿಪಿನ ಒಂದೇ ಸಾಲಿನಾಗ ಮುಗಿಸಿದ್ದು ಸರಿ ಅನಿಸಲಿಲ್ಲ. ಬಾಗಲಕೋಟಿಯೊಳಗ ನಾನು ಕಂಪ್ಯೂಟರ್ ಕಲಿಸೋ ಹುಡುಗ್ರು ಮೊದಲು ತಡವರಿಸೋದ ಅಲ್ಲಿ. ವೈಫೈ ಕನೆಕ್ಟ್ ಆಗೇದ ಅಂತ ತೋರಿಸ್ತದ, ಒಂದು ಪೇಜೂ ಓಪನ್ ಆಗಂಗಿಲ್ಲ. ಆಗ ವಿಂಡೋಸ್‌ನಾಗ ಕಮಾಂಡ್ ಪ್ರಾಂಪ್ಟ್ ತೆಗಿಸಿ ಐಪಿಕಾನ್ಫಿಗ್ (ipconfig) ಅಂತ ಹೊಡಿಸ್ತೀನಿ, ಕಂಪ್ಯೂಟರಿನ ಐಪಿ ವಿಳಾಸ ಅದರಾಗ ಕಾಣ್ತದ. ವಿಳಾಸ 169.254ರಿಂದ ಶುರು ಆಗಿದ್ರ, ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕೇ ಇಲ್ಲ, ಕಂಪ್ಯೂಟರ್ ತಾನ ಒಂದು ಹಾಕ್ಕೊಂಡದ ಅಂತ ತಿಳೀಬೇಕು. ವಿಳಾಸ ಸರಿ ಇದ್ದು, 8.8.8.8ಕ್ಕ (ಗೂಗಲ್‌ನ ಡಿಎನ್‌ಎಸ್ ಸರ್ವರ್ ವಿಳಾಸ) ಪಿಂಗ್ ಮಾಡಿದ್ರ, ಅಂದ್ರ ಸಣ್ಣ ಸಂದೇಶ ಕಳಿಸಿ ನೋಡಿದ್ರ, ಉತ್ತರ ಬಂದು, ಹೆಸರು ಹೊಡೆದ್ರ ಮಾತ್ರ ಸೈಟ್ ಬರಲಿಲ್ಲಂದ್ರ ಮೊದಲು ಡಿಎನ್‌ಎಸ್ ಕಡೆ ನೋಡ್ರಿ. ಮುಂದಿನ ಭಾಗದಾಗ ಡಿಎಚ್‌ಸಿಪಿ ಲೀಸ್ (ವಿಳಾಸವನ್ನ ಇಷ್ಟು ಅವಧಿಗೆ ಅಂತ ಕೊಡೋದು) ಬಗ್ಗೆ ಬರೀರಿ. ಅದರ ಅವಧಿ ಮುಗಿದ್ರ ಏನಾಗ್ತದ ಅಂತ ಹುಡುಗ್ರು ಕೇಳ್ತನ ಇರ್ತಾರ.