ಮೇಸ್ತ್ರಿಯ ಟೇಪು, ಭಾವನ ಹಗ್ಗ

ಬಾಳೆಲೆಗೆ ಪಾಯಸ ಬೀಳುವ ಹೊತ್ತಿಗೇ ಜನರಿಗೆ ಬ್ರಹ್ಮಾಂಡದ ಚಿಂತೆ ಏಕೆ ಹುಟ್ಟುತ್ತದೆಯೋ! ಕಾಸರಗೋಡಿನ ಬದಿಯಡ್ಕದ ಕಡೆಯ ಪೂಜೆಯೊಂದರ ಊಟಕ್ಕೆ ಕುಳಿತಿದ್ದೆ. ಪಕ್ಕದಲ್ಲಿದ್ದ ಸೋದರಳಿಯ ಮೊಬೈಲ್ ನೋಡುತ್ತಾ, "ಮಾವಾ, ನಮಗೆ ಕಾಣಬಲ್ಲ ವಿಶ್ವದ ಅಂಚು ಎಲ್ಲ ದಿಕ್ಕಿಗೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರವಂತೆ. ನಿಜವಾದ ಗಡಿ ಎಲ್ಲಿ?" ಎಂದ. ಗಣಿತ ಕಲಿಸಿ ನಿವೃತ್ತನಾದವನ ಪೆಟ್ಟಿಗೆಯಲ್ಲಿ ವಿಶ್ವದ ಸರ್ವೆ ನಕ್ಷೆಯೂ ಇರಬೇಕೆಂದು ಇವರ ಎಣಿಕೆ.

ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು ಭಾವನ ಕಟ್ಟೆಯ ವಿಷಯ ಮುಗಿಯಬೇಕು.

ಭಾವನ ಅಡಿಕೆ ತೋಟದ ಗಡಿ ಎಂದರೆ ಒಂದು ತೋಡು, ಸಣ್ಣ ಹಳ್ಳ. ಅದರ ದಂಡೆಗೆ ಮುರಕಲ್ಲಿನ ಕಟ್ಟೆ ಕಟ್ಟಲು ಮೇಸ್ತ್ರಿ ಮೀಟರಿನ ಲೆಕ್ಕದಲ್ಲಿ ಒಪ್ಪಿಕೊಂಡ. ಭಾವ ಈಚೆಯ ಹಲಸಿನ ಮರದಿಂದ ಆಚೆಯ ಸಂಕದವರೆಗೆ (ಕಾಲುಸೇತುವೆಯವರೆಗೆ) ಹಗ್ಗ ಬಿಗಿದು ಅಳೆದರು. ಮೇಸ್ತ್ರಿ ಟೇಪು ಹಿಡಿದು ನೀರಿಗಿಳಿದ. ತಿರುವು ತಿರುವಿಗೂ ಬಾಗಿದ, ಬೇರು ಕಂಡಲ್ಲಿ ಬಳಸಿದ, ಏಡಿ ಕೊರೆದ ಬಿಲದೊಳಕ್ಕೂ ಟೇಪು ತುರುಕಿ ಹೊರತೆಗೆದ. ಭಾವನ ಅಳತೆಗಿಂತ ಅವನದು ಒಂದೂವರೆ ಪಟ್ಟು. ಒಬ್ಬರು "ಭಾವಾ, ನೀವೇ ಹೇಳಿ" ಎಂದರು, ಇನ್ನೊಬ್ಬ "ಮಾಷ್ಟ್ರೇ, ನೀವೇ ಹೇಳಿ" ಎಂದ. ಇಬ್ಬರದೂ ಸರಿ ಎಂದೆ. ಅಂದು ಆ ಮನೆಯಲ್ಲಿ ನನಗೆ ಚಹಾ ಸಿಗಲಿಲ್ಲ.

ಆದರೆ ಸತ್ಯ ಅದೇ. ಗಡಿಯ ಉದ್ದಕ್ಕೂ ಯುದ್ಧಕ್ಕೂ ನಂಟಿದೆಯೇ ಎಂದು ಹುಡುಕ ಹೊರಟ ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ನನಿಗೆ ಸ್ಪೇನ್–ಪೋರ್ಚುಗಲ್ ನಡುವಿನ ಒಂದೇ ಗಡಿ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214 ಎಂದು ಸಿಕ್ಕಿತು. ಅಳತೆಗೋಲು ಚಿಕ್ಕದಾದಷ್ಟೂ ಗಡಿ ಉದ್ದವಾಗುತ್ತದೆ. ಈಚೆಗೆ ಭಾರತದ ಕರಾವಳಿಯನ್ನು ಹೆಚ್ಚು ಸೂಕ್ಷ್ಮವಾದ ನಕ್ಷೆಯಲ್ಲಿ ಅಳೆದಾಗ 7,516 ಇದ್ದದ್ದು 11,098 ಕಿಲೋಮೀಟರ್ ಆಯಿತು. ಉಪ್ಪಳದ ಕಡಲು ಮಾತ್ರ ಎಂದಿನಂತೆ ದಂಡೆ ತಿನ್ನುತ್ತಲೇ ಇದೆ.

ಕರಾವಳಿಗೆ ಒಂದೇ ಉದ್ದವೆಂಬುದಿಲ್ಲ ಎಂದು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಜಗತ್ತಿಗೆ ತಿಳಿಸಿದ್ದು 1967ರಲ್ಲಿ. ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು, ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ವರದಿ ಕೊಟ್ಟದ್ದೂ ಅದೇ ವರ್ಷ. ಎರಡು ರಾಜ್ಯಗಳ ನಡುವಿನ ಗೆರೆ ತಲಪಾಡಿಯಿಂದ ಕದಲಲಿಲ್ಲ. ನಮ್ಮ ಗಡಿಯ ಮಟ್ಟಿಗೆ ಹಗ್ಗವೂ ಇಲ್ಲ, ಟೇಪೂ ಇಲ್ಲ, ಕಡತವೊಂದೇ ಅಳತೆಗೋಲು. ಇಂಥವರ ನಡುವೆ ಬದುಕುವವನನ್ನು ವಿಶ್ವದ ಗಡಿ ಕೇಳುತ್ತಾರೆ!

ಕಟ್ಟೆಯ ಕೆಲಸ ಇನ್ನೂ ಶುರುವಾಗಿಲ್ಲ. ಮಳೆ ಹಿಡಿದರೆ ತೋಡು ಹೊಸ ತಿರುವು ತೆಗೆಯುತ್ತದೆ, ಆಗ ಹಗ್ಗದ ಲೆಕ್ಕವೂ ಸುಳ್ಳು, ಟೇಪಿನದೂ ಸುಳ್ಳು. ಅದನ್ನು ಹೇಳಲು ಫೋನ್ ಮಾಡಿದರೆ ಭಾವ ಎತ್ತುವುದಿಲ್ಲ.